ಶಾಣ್ಯಾಕಿ ಅಂದರೆ

ಮಿದುಳಿನ ಕಾಯಿಲೆಗಳಿಗೆ ಔಷಧ ಮಾಡುವ ಕಂಪನಿಯೊಂದು ತನ್ನ ವೈಜ್ಞಾನಿಕ ಸಲಹಾ ಮಂಡಳಿಗೆ ಬನ್ನಿ ಎಂದು ಕರೆದಾಗ ನನಗೆ ಖುಷಿಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದನ್ನೆಲ್ಲ ಓದಿದ ಮೇಲೆ, ಪಾಪ, ಈಕೆ ಒಲ್ಲದ ಮನಸ್ಸಿನಿಂದ ಹೋಗಿರಬೇಕು ಎಂದು ಯಾರಾದರೂ ಅಂದುಕೊಂಡಾರು. ಹಾಗೇನಿಲ್ಲ. ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ನರರೋಗಗಳ ದವಾಖಾನೆ ನಡೆಸುತ್ತಿರುವ ನನ್ನಂಥವಳನ್ನು ದೊಡ್ಡ ಊರಿನವರು ಮಾತಾಡಿಸುವುದೇ ಅಪರೂಪ. ಮಾತಾಡಿಸಿದರು, ನಾನು ಉಬ್ಬಿದೆ. ಹೊಸ ಸೀರೆ ಉಟ್ಟು ಮೊದಲ ಸಭೆಗೆ ಕೂತೆ. ಸಭೆ ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ, ಅಲ್ಲಿ ಕಾಣುತ್ತಿದ್ದದ್ದು ನನ್ನ ಕುತ್ತಿಗೆಯವರೆಗೆ ಮಾತ್ರ.

ಮಂಡಳಿಯಲ್ಲಿ ಆರು ಜನ ಇದ್ದೆವು. ಅಧ್ಯಕ್ಷರು ವಯಸ್ಸಾದವರು, ಮೆತ್ತಗೆ ಮಾತಾಡುವವರು, ಬಹುಕಾಲ ಹೊರದೇಶದಲ್ಲಿ ಇದ್ದು ಬಂದವರು. ಉಳಿದ ನಾಲ್ವರೂ ಮಹಾನಗರಗಳ ಆಸ್ಪತ್ರೆಗಳವರು. ಕನ್ನಡ ಬಲ್ಲವಳು ನಾನೊಬ್ಬಳೇ. ಯಾವ ರೋಗಿಗಳನ್ನು ಪ್ರಯೋಗಕ್ಕೆ ತೆಗೆದುಕೊಳ್ಳಬೇಕು, ಎಷ್ಟು ಪ್ರಮಾಣ ಕೊಡಬೇಕು, ಏನನ್ನು ಅಳೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದು ನಮ್ಮ ಕೆಲಸ. ಔಷಧ ಕಂಪನಿಯದು, ಬುದ್ಧಿ ನಮ್ಮದು, ಮಿದುಳು ಮಾತ್ರ ಬೇರೆಯವರದು. ಆಗ ಇದು ನನಗೆ ಹೊಳೆದಿರಲಿಲ್ಲ.

ಎರಡು ಬಗೆಯ ಗುಳಿಗೆ ನುಂಗಿದರೂ ಮೂರ್ಛೆ ನಿಲ್ಲದವರಿಗೆ ಮೂರನೆಯದಾಗಿ ಕೊಡುವ ಹೊಸ ಗುಳಿಗೆ ಅದು. ಪ್ರಯೋಗದ ಒಂದು ಕೇಂದ್ರ ನಮ್ಮ ಊರಿನ ಆಸ್ಪತ್ರೆಯೊಂದರಲ್ಲಿ ಶುರುವಾಗುವುದಿತ್ತು. ರೋಗಿಗಳ ನೆನಪು, ಮಾತು, ಲೆಕ್ಕ ಇವನ್ನೆಲ್ಲ ತಿಂಗಳಿಗೊಮ್ಮೆ ತಾಸುಗಟ್ಟಲೆ ಪರೀಕ್ಷಿಸಬೇಕು ಎಂದು ಮಂಡಳಿಯವರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಂದೂರಿನ ದಾಲ್ ಮಿಲ್ಲಿನಲ್ಲಿ ಮೂಟೆ ಹೊರುವವನನ್ನು ಕೂರಿಸಿ ನೂರರಿಂದ ಏಳೇಳು ಕಳೆಯುತ್ತ ಬಾ ಅಂದರೆ ಮುಂದಿನ ತಿಂಗಳು ಅವನು ಈ ಕಡೆ ತಲೆ ಹಾಕುವುದಿಲ್ಲ ಎಂದು ದಬಾಯಿಸಿದೆ. ಮನೆಯವರನ್ನು ಕೇಳಿ, ಅವರಿಗೆ ಗೊತ್ತಿರುವಷ್ಟು ಯಾವ ಪರೀಕ್ಷೆಗೂ ಗೊತ್ತಿರುವುದಿಲ್ಲ ಅಂದೆ. ಸರಿ, ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ದೊಡ್ಡ ಪರೀಕ್ಷೆ, ನಡುವೆ ತಿಂಗಳಿಗೊಂದು ಪುಟ ಎಂದಾಯಿತು. ಮನೆಯವರು ಏನು ಬದಲಾವಣೆ ಕಂಡರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವ ಪುಟ. ಜನರ ನಡುವೆ ಇರುವವರ ತಿಳಿವಳಿಕೆ ಅಂದರೆ ಇದು ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು.

ಆ ಪ್ರಯೋಗಕ್ಕೆ ನಾನು ಕಳಿಸಿದವರಲ್ಲಿ ಒಬ್ಬಳು ಹನ್ನೊಂದನೆಯ ವಯಸ್ಸಿನಿಂದ ನನ್ನ ಕೈಯಲ್ಲೇ ಔಷಧ ತೆಗೆದುಕೊಳ್ಳುತ್ತಿದ್ದವಳು. ಆಗ ಅವಳಿಗೆ ಇಪ್ಪತ್ತೈದು. ತವರು ಶರಣಸಿರಸಗಿ, ಕೊಟ್ಟ ಮನೆ ಕಮಲಾಪುರ. ಗಂಡ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತ ದಿನಾ ಬಸ್ಸಿಗೆ ಓಡಾಡುತ್ತಿದ್ದ. ಇವಳು ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತಿದ್ದಳು. ಪಹಣಿ, ಜಾತಿ ಪ್ರಮಾಣಪತ್ರ, ವಿಧವಾ ಪಿಂಚಣಿ, ಆಧಾರ್ ತಿದ್ದುಪಡಿ. ಬಾಯಿ ಅಂದರೆ ಬಾಯಿ. ತಹಸೀಲ್ ಕಚೇರಿಯವರನ್ನು ಫೋನಿನಲ್ಲೇ ನೀರಿಳಿಸುತ್ತಿದ್ದಳಂತೆ. ನನ್ನನ್ನೂ ಬಿಡುತ್ತಿರಲಿಲ್ಲ. 'ಮೇಡಂ, ನೀವು ಬರದದ್ದು ನಿಮಗರ ಓದಾಕ ಬರ್ತದೇನ್ರಿ?' ಎಂದು ಚೀಟಿ ಹಿಡಿದು ನಗುತ್ತಿದ್ದಳು. ಅವಳು ಬಂದ ದಿನ ನನ್ನ ದವಾಖಾನೆಯ ಬೆಂಚಿನ ಮೇಲೆ ಕೂತ ಮಂದಿಯೆಲ್ಲ ತಮ್ಮ ತಮ್ಮ ಕಾಗದ ತೆಗೆದು ಅವಳ ಮುಂದೆ ಹಿಡಿಯುತ್ತಿದ್ದರು.

ಆದರೆ ತಿಂಗಳಿಗೆ ಎರಡು ಸಲವಾದರೂ ಬೀಳುತ್ತಿದ್ದಳು. ಒಮ್ಮೆ ಅಂಗಡಿಯಲ್ಲೇ, ಗಿರಾಕಿಗಳ ಎದುರಿಗೆ, ಪ್ರಿಂಟರನ್ನೂ ಎಳೆದುಕೊಂಡು ಬಿದ್ದಳು. ಹಣೆ ಒಡೆಯಿತು. ಹಣೆಗಿಂತ ಹೆಚ್ಚಾಗಿ, ಫಿಟ್ಸಿನಾಕಿ ಅಂಗಡಿ ಎಂಬ ಹೆಸರು ಬಿದ್ದದ್ದು ಅವಳನ್ನು ಸುಟ್ಟಿತು. ಹೊಸ ಗುಳಿಗೆಯ ವಿಷಯ ಹೇಳಿದೆ. ಒಪ್ಪಿಗೆ ಪತ್ರವನ್ನು ಎಲ್ಲ ಪುಟಗಳೂ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಸಹಿ ಹಾಕುವ ಮೊದಲು ಕೇಳಿದಳು, 'ನಡಬರಕ ಏನರ ಆದ್ರ ಹ್ಯಾಂಗ್ರಿ?'

'ನಾ ಇದ್ದೀನಲ್ಲ,' ಅಂದೆ.

ಹಾಗೆ ಅನ್ನುವ ಹಕ್ಕು ನನಗಿರಲಿಲ್ಲ. ಮಂಡಳಿಯಲ್ಲಿ ಇರುವವರು ಪ್ರಯೋಗದ ರೋಗಿಗಳನ್ನು ನೋಡುವಂತಿಲ್ಲ, ಮಾತಾಡಿಸುವಂತಿಲ್ಲ ಎಂಬ ನಿಯಮಕ್ಕೆ ನಾನು ಆಗಲೇ ಸಹಿ ಹಾಕಿದ್ದೆ. ಸಲಹೆಗಾರರ ಕಣ್ಣಿಗೆ ಪಕ್ಷಪಾತ ಬರಬಾರದು ಎಂಬ ಒಳ್ಳೆಯ ನಿಯಮವೇ ಅದು. ಅಂದಿನಿಂದ ಅವಳು ಆ ಆಸ್ಪತ್ರೆಯ ಯುವ ಡಾಕ್ಟರ ಹತ್ತಿರ ಹೋಗತೊಡಗಿದಳು. ಆತ ಬೇರೆ ರಾಜ್ಯದಿಂದ ಬಂದವರು, ಕನ್ನಡ ಬಾರದು. ಜೊತೆಗೆ ಬಂದ ಅತ್ತೆ ಹೇಳಿದ್ದನ್ನು ನರ್ಸ್ ಪುಟದಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಪುಟ ಬೆಂಗಳೂರಿಗೆ ಹೋಗಿ, ಅಲ್ಲಿ ಇಂಗ್ಲಿಷಾಗಿ, ನಮ್ಮ ಮುಂದೆ ಬರುತ್ತಿತ್ತು.

ಆರು ತಿಂಗಳು ಕಳೆದ ಮೇಲಿನ ಸಭೆಯಲ್ಲಿ ಎಲ್ಲರ ಮುಖವೂ ಅರಳಿತ್ತು. ಮೂರ್ಛೆ ಬಹಳ ಜನಕ್ಕೆ ಕಡಿಮೆಯಾಗಿತ್ತು. ಅದರ ಮೇಲೆ ಇನ್ನೊಂದು ಸಿಹಿ. ಕಲಬುರಗಿ ಕೇಂದ್ರದ ಪುಟಗಳಲ್ಲಿ, ಬುದ್ಧಿವಂತಿಕೆ ಹೆಚ್ಚಿದೆ ಎಂದು ಕೆಲವು ಮನೆಯವರು ಹೇಳಿದ್ದಾರೆ ಎಂದು ಕಂಪನಿಯವರು ತೋರಿಸಿದರು. ಮೂರ್ಛೆಯ ಗುಳಿಗೆಗಳು ಸಾಮಾನ್ಯವಾಗಿ ತಲೆಯನ್ನು ಮಂದ ಮಾಡುತ್ತವೆ. ಇದು ಚುರುಕು ಮಾಡುತ್ತಿದೆ ಅಂದರೆ ಸಣ್ಣ ಸುದ್ದಿಯಲ್ಲ. ಅಧ್ಯಕ್ಷರು ಮೂಲ ಪದ ಯಾವುದು ಎಂದು ಕೇಳಿದರು. ಪರದೆಯ ಮೇಲೆ ಕನ್ನಡದ ಪುಟ ಬಂತು. 'ಶಾಣ್ಯಾಕಿ ಆಗ್ಯಾಳ.' ಇನ್ನೊಂದರಲ್ಲಿ, 'ಶಾಣ್ಯಾ ಆಗ್ಯಾನ.'

'ಡಾಕ್ಟರ್, ಇದು ನಿಮ್ಮ ಭಾಷೆ. ಏನು ಇದರ ಅರ್ಥ?'

ಜಾಣೆ, ತಿಳಿವಳಿಕಸ್ಥೆ ಎಂದೆ. ನಮ್ಮ ಕಡೆ ಇದು ದೊಡ್ಡ ಮೆಚ್ಚುಗೆಯ ಮಾತು, ಸುಮ್ಮಸುಮ್ಮನೆ ಯಾರಿಗೂ ಅನ್ನುವುದಿಲ್ಲ ಎಂದೂ ಸೇರಿಸಿದೆ. ತರಗತಿಗೆ ಮೊದಲಿಗಳಾಗಿ ಬಂದಾಗ ನಮ್ಮ ಅಜ್ಜಿ ನನ್ನನ್ನು ಹಾಗೆ ಕರೆದದ್ದನ್ನು ಹೇಳಿ ನಗಿಸಿದೆ. ಎಲ್ಲರೂ ಬರೆದುಕೊಂಡರು.

ಸುಳ್ಳೇನೂ ಹೇಳಿರಲಿಲ್ಲ. ಆದರೆ ಅದೇ ಅಜ್ಜಿ ನನಗೆ ಆ ಮಾತನ್ನು ಇನ್ನೆಷ್ಟೋ ಸಲ ಅಂದಿದ್ದಳು. ಪಾಲಿಗೆ ಬಂದ ಹೋಳಿಗೆಯನ್ನು ಅಣ್ಣನಿಗೆ ಕೊಟ್ಟು ಸುಮ್ಮನಾದಾಗ ಶಾಣ್ಯಾಕಿ. ಬಿದ್ದು ಮೊಣಕಾಲು ತರಚಿದರೂ ಅಳದೆ ಕೂತಾಗ ಶಾಣ್ಯಾಕಿ. ದೊಡ್ಡವರು ಬೈಯುವಾಗ ತಲೆ ಬಗ್ಗಿಸಿ ನಿಂತಾಗ ಶಾಣ್ಯಾಕಿ. ಹುಡುಗರಿಗೆ ಈ ಪದ ಅಂಕಪಟ್ಟಿ ನೋಡಿ ಬರುತ್ತದೆ, ಹೆಣ್ಣುಮಕ್ಕಳಿಗೆ ಬಹುಪಾಲು ಬಾಯಿ ಮುಚ್ಚಿದ್ದು ನೋಡಿ ಬರುತ್ತದೆ. ಇದು ಬೆಂಗಳೂರಿನ ಅನುವಾದಕರಿಗೆ ಗೊತ್ತಿರಬೇಕಿಲ್ಲ. ಅಧ್ಯಕ್ಷರಿಗೆ ಗೊತ್ತಿರುವುದು ಸಾಧ್ಯವೇ ಇಲ್ಲ. ನನಗೆ ಗೊತ್ತಿತ್ತು. ಮಂಡಳಿಯಲ್ಲಿ ನನ್ನನ್ನು ಕೂರಿಸಿದ್ದೇ ಇಂಥದು ನನಗೆ ಗೊತ್ತಿರುತ್ತದೆ ಎಂದು. ಆ ದಿನ ಒಳ್ಳೆಯ ಸುದ್ದಿಯ ಅಮಲಿನಲ್ಲಿ ಅದು ನನ್ನ ತಲೆಗೆ ಬರಲೇ ಇಲ್ಲ. ನನ್ನ ಮೇಲೆ ನನಗೆ ಇರುವ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದಾಗಿ ಎರಡು ತಿಂಗಳಿಗೆ ಅವಳ ಅತ್ತೆ ತನ್ನ ತಲೆನೋವಿಗೆಂದು ನನ್ನ ದವಾಖಾನೆಗೆ ಬಂದರು. ಕೈಯಲ್ಲಿ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು. ಮೇಜಿನ ಮೇಲಿಟ್ಟು ಕೈ ಮುಗಿದರು.

'ನಿಮ್ಮ ಗುಳಗಿಲಿಂದ ನಮ್ಮ ಮನಿ ನಿಂತದರಿ ಮೇಡಂ. ಫಿಟ್ಸ್ ಒಂದೂ ಬಂದಿಲ್ಲ. ಸೊಸಿ ಎಷ್ಟ್ ಶಾಣ್ಯಾಕಿ ಆಗ್ಯಾಳಂತೀರಿ.'

ಸೊಸೆಯ ವಿಷಯ ನಾನು ಕೇಳುವಂತಿರಲಿಲ್ಲ. ಆದರೂ ಬಾಯಿಗೆ ಬಂದುಬಿಟ್ಟಿತು. 'ಶಾಣ್ಯಾಕಿ ಅಂದ್ರ ಏನ್ ಮಾಡ್ತಾಳವ್ವ?'

'ಏನೂ ಮಾಡಂಗಿಲ್ರಿ. ಎದುರು ಮಾತಿಲ್ಲ, ಏನಿಲ್ಲ. ಕುಂಡ್ರಂದಲ್ಲಿ ಕುಂಡ್ರತಾಳ, ಉಣ್ಣಂದಾಗ ಉಣ್ತಾಳ.'

'ಮತ್ತ ಅಂಗಡಿ?'

'ಅಂಗಡಿ ಬಂದ್ ಮಾಡೀವ್ರಿ. ಒಬ್ಬರ ಪಹಣಿ ಮತ್ತೊಬ್ಬರಿಗಿ ತಗದು ಕೊಡಾಕತ್ತಿದ್ಲು. ಮಂದಿ ಜಗಳಕ್ಕ ಬಂದ್ರು. ಹೋಗ್ಲಿ ಬಿಡ್ರಿ, ಜೀವ ಛಲೋ ಇದ್ರ ಸಾಕು.' ಹೋಗುವಾಗ ಬಾಗಿಲಲ್ಲಿ ನಿಂತು ನಗುತ್ತ ಹೇಳಿದರು, 'ಮೊದಮೊದಲ ಆ ದೊಡ್ಡ ದವಾಖಾನ್ಯಾಗ ನಿಮ್ಮ ಹೆಸರ ಹೇಳಿ, ಮೇಡಂಗ ಕರೀರಿ ಅಂತಿದ್ಲು. ಈಗ ಅದೂ ಬಿಟ್ಟಾಳ.'

ಆ ಹೆಂಗಸು ಕೆಟ್ಟವರಲ್ಲ. ಸೊಸೆ ಬಿದ್ದಾಗಲೆಲ್ಲ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಯ ನೊರೆ ಒರೆಸಿದವರು ಅವರೇ. ಬದಲಾವಣೆ ಏನು ಎಂದು ಪುಟ ಕೇಳಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು.

ಮರುದಿನ ಬೆಳಿಗ್ಗೆ ದವಾಖಾನೆಗೆ ಬೀಗ ಹಾಕಿ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದೆ. ನಿಯಮ ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು, ಮುರಿಯಲಿ ಅಂದುಕೊಂಡೆ. ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿ, ಹೂ ಮುಡಿಸಿ, ಚೆಂದ ಇಟ್ಟಿದ್ದರು. ನನ್ನನ್ನು ನೋಡಿ ನಕ್ಕಳು. ನಗು ಬರಲು ಬಹಳ ಹೊತ್ತಾಯಿತು. ಪೆನ್ನು ತೋರಿಸಿ ಇದೇನು ಅಂದೆ.

'ಅದು... ಬರಿಯೂದು.'

ಕೈಗಡಿಯಾರ ತೋರಿಸಿದೆ. 'ಅದು,' ಅಂದಳು. ಕನ್ನಡಕ ತೋರಿಸಿದೆ. 'ಅದು.' ಬೀಗದ ಕೈ ತೋರಿಸಿದಾಗ ತುಟಿ ಅಲುಗಿತು, ಏನೂ ಬರಲಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, 'ಹೇಳವ್ವ, ಚಾವಿ ಅನ್ನು,' ಎಂದು ಮಗುವಿಗೆ ಹೇಳಿಕೊಡುವಂತೆ ಹೇಳಿಕೊಟ್ಟರು. ಅವಳು ನನ್ನ ಸೀರೆಯ ಸೆರಗು ಹಿಡಿದುಕೊಂಡಳು. ಒಂದೊಂದೇ ಪದ ಹುಡುಕಿ ತೆಗೆದು ಹೇಳಿದಳು.

'ಒಳಗ... ಮಾತಾಡಾಕತ್ತೀನ್ರಿ. ಹೊರಗ... ಬರವಲ್ದು.'

ನಾನು ಅಳುವವಳಲ್ಲ. ಕಾರಿನವರೆಗೆ ಹೇಗೋ ಬಂದೆ.

ಆ ಸಂಜೆಯೇ ಮಂಡಳಿಗೆ ಬರೆದೆ. ತುರ್ತು ಸಭೆ ಕರೆದರು. ನಾನು ಕೂಗಾಡಲು ತಯಾರಾಗಿ ಕೂತಿದ್ದೆ, ಆದರೆ ಕೂಗಾಡಲು ಅವರು ಆಸ್ಪದವನ್ನೇ ಕೊಡಲಿಲ್ಲ. ಎಲ್ಲರೂ ಗಂಭೀರವಾಗಿ ಕೇಳಿದರು. ಅಧ್ಯಕ್ಷರು ಅದೇ ಮೆತ್ತಗಿನ ದನಿಯಲ್ಲಿ, 'ಕಳೆದ ಸಲ ತಾವು ಈ ಪದಕ್ಕೆ ಬೇರೆ ಅರ್ಥ ಹೇಳಿದ್ದಿರಿ,' ಅಂದರು. ತಪ್ಪು ಹೇಳಿದ್ದೆ ಅಂದೆ. ತಿಂಗಳ ಪರೀಕ್ಷೆ ಬೇಡ ಅಂದದ್ದೂ ನಾನೇ, ಅದೂ ತಪ್ಪು ಅಂದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ವಾರವೇ ಎಲ್ಲ ರೋಗಿಗಳ ಮಾತಿನ ಪರೀಕ್ಷೆ ನಡೆಯಿತು. ಇನ್ನೂ ಕೆಲವರಲ್ಲಿ ಇದೇ ತೊಂದರೆ, ಇಷ್ಟು ಮುಂದೆ ಹೋಗಿರದ ತೊಂದರೆ, ಕಂಡಿತು. ಪ್ರಮಾಣ ಇಳಿಸಿದರು. ಅವರೆಲ್ಲ ಸುಧಾರಿಸಿದರು. ಅವರಲ್ಲೊಬ್ಬ, ದಾಲ್ ಮಿಲ್ಲಿನ ಹಮಾಲ, ಮತ್ತೆ ಹೆಂಡತಿಯ ಸಂಗಡ ಜಗಳ ಶುರು ಮಾಡಿದ ಎಂದು ಕೇಳಿ ಸಭೆಯಲ್ಲಿ ಒಬ್ಬರು ನಕ್ಕರು. ನಾನು ರಾಜೀನಾಮೆ ಕೊಟ್ಟೆ. ಪತ್ರದಲ್ಲಿ ಕಾರಣ ಬರೆದೆ, ಅವರು ನನ್ನ ಸೇವೆಯನ್ನು ನೆನೆದು ಉತ್ತರ ಬರೆದರು.

ಇವಳಿಗೆ ಮಾತ್ರ ಅರ್ಧ ಪ್ರಮಾಣ ಒಗ್ಗಲಿಲ್ಲ. ಮಾತು ಬರಲಿಲ್ಲ, ಮೂರ್ಛೆ ಬಂತು. ಪೂರ್ತಿ ಕೊಟ್ಟರೆ ಮೂರ್ಛೆ ಇಲ್ಲ, ಮಾತೂ ಇಲ್ಲ. ಪೂರ್ತಿ ಬಿಟ್ಟರೆ ಮಾತು ಬಂದರೂ ಬರಬಹುದು, ಮೂರ್ಛೆಯಂತೂ ಬರುವುದು ಖಂಡಿತ. ಮಂಡಳಿಯಿಂದ ಹೊರಬಿದ್ದಿದ್ದರಿಂದ ಈಗ ನಾನು ಅವಳನ್ನು ನೋಡಬಹುದಿತ್ತು. ಗಂಡ ಮತ್ತು ಅತ್ತೆ ಕರೆದುಕೊಂಡು ಬಂದರು. ಎರಡರಲ್ಲಿ ಒಂದನ್ನು ಆರಿಸಬೇಕು ಎಂದು ವಿವರಿಸಿದೆ. ಗಂಡ ನೆಲ ನೋಡುತ್ತ ಕೂತ. ಅವನ ಬೆರಳುಗಳ ತುಂಬ ವೆಲ್ಡಿಂಗಿನ ಸುಟ್ಟ ಕಲೆ.

'ನಮಗೇನ್ ತಿಳೀತದರಿ. ನೀವ ಹೇಳ್ರಿ,' ಅಂದ.

ತಲೆ ಅವಳದು, ಅವಳನ್ನೇ ಕೇಳೋಣ ಅಂದೆ. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ, ಬೆರಳಲ್ಲಿ ತೋರಿಸಿ ತೋರಿಸಿ ಹೇಳಿದೆ. ಈ ಗುಳಗಿ ಇದ್ರ ಫಿಟ್ಸ್ ಇಲ್ಲ, ಮಾತಿಲ್ಲ. ಬಿಟ್ರ ಮಾತು ಬರಬಹುದು, ಫಿಟ್ಸ್ ಬರ್ತಾವ.

'ಗುಳಗಿ ಬಿಡೋಣೇನವ್ವ?'

'ಹೂಂ,' ಅಂದಳು.

ಖಾತ್ರಿ ಮಾಡಿಕೊಳ್ಳಲು ತಿರುಗಿಸಿ ಕೇಳಿದೆ. 'ಗುಳಗಿ ತಗೊಂತಿಯೇನು?'

'ಹೂಂ.'

ಮತ್ತೊಮ್ಮೆ ಕೇಳಿದೆ. ಮತ್ತೆ ಎರಡಕ್ಕೂ ಹೂಂ. ಬರೆಯಲು ಕಾಗದ ಕೊಟ್ಟೆ, ಒಂದು ಗೆರೆ ಎಳೆದು ಪೆನ್ನು ಇಟ್ಟಳು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಮೂವರೂ ನನ್ನ ಮುಖ ನೋಡುತ್ತಿದ್ದರು. ಮೊದಲನೆಯ ಹೂಂ ಸ್ವಲ್ಪ ಜೋರಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ತಹಸೀಲ್ ಕಚೇರಿಯವರ ನೀರಿಳಿಸುತ್ತಿದ್ದವಳಿಗೆ ಬಾಯಿಯಲ್ಲದೆ ಇನ್ನೇನು ಬೇಕಾದೀತು ಅಂದುಕೊಂಡೆ. ಗುಳಿಗೆ ನಿಲ್ಲಿಸಿದೆ.

ಮಾತು ಬಂತು. ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಮನೆಯವರ ಹೆಸರು, ಆಮೇಲೆ ಅಡಿಗೆಯ ಸಾಮಾನು, ಆಮೇಲೆ ಬೈಗುಳ. ಅವಳು ಅತ್ತೆಗೆ ಎದುರು ಮಾತಾಡಿದಳು ಎಂಬ ದೂರು ಫೋನಿನಲ್ಲಿ ಬಂದ ದಿನ ನಾನು ಒಬ್ಬಳೇ ಕೂತು ನಕ್ಕೆ, ಸಂಜೆ ಮನೆಗೆ ಜಿಲೇಬಿ ಒಯ್ದೆ. ಮೂರ್ಛೆಯೂ ಬಂತು, ಮೊದಲಿಗಿಂತ ಹೆಚ್ಚಾಗಿ. ಹಳೆಯ ಗುಳಿಗೆಗಳನ್ನು ಅದಲುಬದಲು ಮಾಡಿ ನೋಡಿದೆ. ಆಮೇಲೆ ಕೆಲವು ತಿಂಗಳು ಅವರ ಸುದ್ದಿ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳು ಬಂದಳು. ಜೊತೆಯಲ್ಲಿ ಇದ್ದದ್ದು ಅತ್ತೆಯಲ್ಲ, ತಾಯಿ. ಮಗಳ ಗದ್ದದ ಮೇಲೆ ಹೊಸ ಹೊಲಿಗೆ. ತಾಯಿಯನ್ನು ಹೊರಗೆ ಕೂರಿಸಿ ಒಳಗೆ ಬಂದು ಬಾಗಿಲು ಹಾಕಿದಳು. ಪೆನ್ನು, ಗಡಿಯಾರ, ಕನ್ನಡಕ ಎಲ್ಲ ಕೇಳಿದೆ, ಎಲ್ಲ ಸರಿಯಾಗಿ ಹೇಳಿದಳು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಆ ದಿನ ಎರಡಕ್ಕೂ ಹೂಂ ಅಂದಿದ್ದಿ, ಯಾವ ಹೂಂ ಖರೇ ಇತ್ತು ಹೇಳು ನೋಡೋಣ ಎಂದು ಕೇಳಿದೆ. ಕೇಳಬಾರದಿತ್ತು. ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

'ಎರಡನೇದರಿ. ಗುಳಗಿ ತಗೊಂತೀನಿ ಅಂತ ಹೇಳಿದ್ದೆ. ನೀವು ಕೇಳಿಸ್ಕೊಳ್ಳಲಿಲ್ಲ.'

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

'ಫಿಟ್ಸ್ ಇಲ್ದಾಗ ನನಗ ಮನಿ ಇತ್ತರಿ ಮೇಡಂ. ತಲಿ ಬಾಚತಿದ್ರು, ಕರದು ಉಣ್ಣಾಕ ನೀಡತಿದ್ರು, ಗಂಡ ಬಾಜೂಕ ಕುಂಡ್ರತಿದ್ದ. ಈಗ ಬೀಳೋದು ಶುರು ಆದ ಮ್ಯಾಲ ಶರಣಸಿರಸಗಿಗಿ ತಂದು ಬಿಟ್ಟು ಹೋಗ್ಯಾರ. ಸಂಕ್ರಾಂತಿಗಿ ಬಂದು ಕರ್ಕೊಂಡು ಹೋಗ್ತೀವಿ ಅಂದಿದ್ರು, ಬರಲಿಲ್ಲ. ಅವಗ ಬ್ಯಾರೆ ಹೆಣ್ಣು ನೋಡಾಕತ್ತಾರಂತ. ಅಲ್ಲಿ ನನ್ನ ಒಳಗ ಮಾತು ಇದ್ವು, ಹೊರಗ ಮಂದಿ ಇದ್ರು. ಈಗ ಮಾತು ಹೊರಗ ಬಂದಾವ, ಮಂದಿ ಇಲ್ಲ. ಯಾರ ಸಂಗಟ ಆಡ್ಲಿ ಹೇಳ್ರಿ.'

ಇಷ್ಟನ್ನೂ ಅವಳು ಎಲ್ಲಿಯೂ ತಡವರಿಸದೆ, ಒಂದು ಪದಕ್ಕೂ ಹುಡುಕಾಡದೆ ಹೇಳಿದಳು.